ಆರೋಗ್ಯ ವಿಚಾರ: ಕತ್ತಿ ಅದ್ದಿ ನೋಡುವ ಕ್ರಮ

ಅಡಕೆ ತೋಟವುಳ್ಳ ಮಲೆನಾಡಿನ ಗೃಹಸ್ಥರಿಗೆ ಮೃಗಶಿರೆ ಮಳೆಯ ಹೆಸರು ಕಿವಿಗೆ ಬಿದ್ದೊಡನೆ ಕೊಳೆರೋಗದ ಔಷಧಿಯ ನೆನಪಾಗುವುದು. ನರಸಿಂಹರಾಜಪುರ ತಾಲ್ಲೂಕಿನ ನಮ್ಮ ಸೀತೂರಿನಲ್ಲಿಯೂ ಮುಂಗಾರು ಬಲಿಯುವ ಮೊದಲೇ ತೋಟದ ಅಂಚಿನಲ್ಲಿ ಪೀಪಾಯಿಗಳು ಸಾಲಾಗಿ ನಿಲ್ಲುತ್ತವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು, ಇದೇ ಬೋರ್ಡೋ ಪಾಕದ ಅಳತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು ಈ ರೋಗವನ್ನು ಶೋಧಿಸಿ, ಮಳೆಗೆ ಮೊದಲೇ ಕೊನೆಗಳಿಗೆ ಈ ಪಾಕವನ್ನು ಹೊಡೆಯುವ ಪದ್ಧತಿಯನ್ನು ನಮ್ಮ ರೈತರಿಗೆ ಕಲಿಸಿಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಅದು ನಡೆದು ಬಂದಿದೆ.

ಈ ಪಾಕವನ್ನು ಕೂಡಿಸಿದ ಮೇಲೆ ಒಂದು ಸಣ್ಣ ಪರೀಕ್ಷೆಯುಂಟು. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಪೀಪಾಯಿಯಲ್ಲಿ ಸ್ವಲ್ಪ ಹೊತ್ತು ಅದ್ದಿ ಹೊರತೆಗೆಯಬೇಕು. ಅಲಗು ಮೊದಲಿನಂತೆಯೇ ಇದ್ದರೆ ಪಾಕವು ಸರಿಯಾಗಿದೆಯೆಂದು ಅರ್ಥ. ಅಲಗಿಗೆ ಕೆಂಪು ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸತಕ್ಕದ್ದು. ಹಾಗೆ ಮಾಡದೆ ಹೊಡೆದರೆ ಎಳೆಯ ಕಾಯಿಗಳು ಸುಟ್ಟುಹೋಗುವ ಭಯವುಂಟು. ನಮ್ಮ ತೋಟದಲ್ಲಿ ಇಪ್ಪತ್ತು ವರ್ಷಗಳಿಂದ ಪಾಕ ಕೂಡಿಸುತ್ತಿರುವಾತನು ಇಂದಿಗೂ ಪ್ರತಿಯೊಂದು ಪೀಪಾಯಿಗೂ, “ಕತ್ತಿ ಅದ್ದಿ ನೋಡಿ ಅಯ್ಯಾ” ಎಂದು ತಾನೇ ಕೂಗಿ ಕರೆಯುತ್ತಾನೆ. ಅದರಿಂದ ತನ್ನ ಮೇಲೆ ಅವಿಶ್ವಾಸ ಬಂತೆಂದು ಆತನು ಎಂದೂ ಮುನಿದವನಲ್ಲ. ಅದ್ದಿ ನೋಡಿದೆನೆಂದು ನಾನೂ ಸಂಕೋಚಪಟ್ಟವನಲ್ಲ.

ತೋಟದಲ್ಲಿ ಇಷ್ಟು ಸಹಜವಾಗಿ ನಡೆಯುವ ಈ ಕ್ರಮವನ್ನು ಆಸ್ಪತ್ರೆಯಲ್ಲಿ ಕಂಡಾಗ ನಾನು ಗುರುತಿಸಲಾರದೆ ಹೋದೆನು. ಆ ಸಂಗತಿಯನ್ನು ವಾಚಕರ ಮುಂದಿಡುವುದು ನನಗೆ ಹೆಮ್ಮೆಯ ವಿಷಯವಲ್ಲ. ಆದರೂ ಈ ತಿಂಗಳ ವಿಚಾರವು ಅಲ್ಲಿಂದಲೇ ಹುಟ್ಟಿದುದರಿಂದ ಹೇಳದೆ ವಿಧಿಯಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ತಾಯಿಯವರಿಗೆ ಕಫ, ಜ್ವರಗಳು ಹೆಚ್ಚಾಗಿ, ಊರಿನಿಂದ ದೂರದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಸೇರಿಸಬೇಕಾಯಿತು. ಅದು ಯಾವ ಆಸ್ಪತ್ರೆಯೆಂಬುದು ಇಲ್ಲಿ ಮುಖ್ಯವಲ್ಲ. ಮೂರನೆಯ ದಿನ ಮಧ್ಯಾಹ್ನ ಚಿಕ್ಕ ವಯಸ್ಸಿನ ದಾದಿಯೊಬ್ಬಳು ತಟ್ಟೆಯಲ್ಲಿ ಸೂಜಿಯನ್ನಿಟ್ಟುಕೊಂಡು ಬಂದು, “ಅಜ್ಜಿ, ನಿಮ್ಮ ಹೆಸರೇನು? ಯಜಮಾನರ ಹೆಸರೇನು? ಯಾವ ಊರು?” ಎಂದು ಕೇಳಿದಳು. ಬೆಳಗ್ಗಿನಿಂದ ಅದು ಮೂರನೆಯ ಸಲ. ನನಗೆ ಸಿಟ್ಟು ಬಂದಿತು. “ಮೂರು ದಿನಗಳಿಂದ ಇದೇ ಹಾಸಿಗೆಯಲ್ಲಿ ಮಲಗಿದ್ದಾರೆ, ನಿಮಗೆ ನಿಮ್ಮ ರೋಗಿಯ ಗುರುತೂ ಇಲ್ಲವೆ?” ಎಂದು ನಾಲ್ಕು ಜನ ಕೇಳುವಂತೆ ಗದರಿದೆನು. ಆಕೆಯ ಮುಖ ಬಾಡಿತು. ಆದರೂ ತಾಯಿಯವರ ಮಣಿಕಟ್ಟಿನ ಪಟ್ಟಿಯಲ್ಲಿದ್ದ ಸಂಖ್ಯೆಯನ್ನು ಓದಿ, ಕೈಯಲ್ಲಿದ್ದ ಚೀಟಿಯನ್ನು ನೋಡಿ, ಒಂದು ಕ್ಷಣ ನಿಂತು, ಏನನ್ನೂ ಹೇಳದೆ ಸೂಜಿಯೊಡನೆ ಹಿಂದಿರುಗಿದಳು.

ಸಾಯಂಕಾಲ ಆಕೆಯೇ ಬಂದು ನಡೆದುದನ್ನು ಮೆಲ್ಲನೆ ತಿಳಿಸಿದಳು. ಅದೇ ವಾರ್ಡಿನಲ್ಲಿ ನನ್ನ ತಾಯಿಯವರ ಹೆಸರಿನವರೇ ಇನ್ನೊಬ್ಬ ಮುದುಕಿ ಇದ್ದರು. ಅವರಿಗೆ ಸಕ್ಕರೆ ಕಾಯಿಲೆ. ತಟ್ಟೆಯಲ್ಲಿದ್ದುದು ಅವರಿಗಾಗಿ ತುಂಬಿದ ಇನ್ಸುಲಿನ್. ಸಕ್ಕರೆ ಕಾಯಿಲೆಯಿಲ್ಲದ, ಎರಡು ದಿನಗಳಿಂದ ಗಂಜಿಯನ್ನೂ ಸರಿಯಾಗಿ ಕುಡಿಯದ ನನ್ನ ತಾಯಿಯವರಿಗೆ ಅದು ಸೇರಿದ್ದರೆ ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ನಾನು ಬೆವತುಹೋದೆನು. ಆಕೆಯಾದರೋ ಕೈಜೋಡಿಸಿ, “ಸಾರ್, ದಯವಿಟ್ಟು ಯಾರ ಹತ್ತಿರವೂ ಹೇಳಬೇಡಿ. ನಾನೂ ಎಲ್ಲಿಯೂ ಬರೆದಿಲ್ಲ. ಬರೆದರೆ ತಟ್ಟೆ ಜೋಡಿಸಿದ ಹುಡುಗಿಗೆ ಮೆಮೊ ಬರುತ್ತದೆ, ನನಗೂ ಮಾತು ಬರುತ್ತದೆ” ಎಂದಳು. ನಾನು ಆಗಲಿ ಎಂದೆನು. ಆ ಹೊತ್ತಿನಲ್ಲಿ ಅದೇ ದೊಡ್ಡ ದಯೆಯೆಂದು ತೋರಿತು.

ಗುಣವಾಗಿ ಊರಿಗೆ ಹಿಂದಿರುಗುವಾಗ ತಾಯಿಯವರಿಗೆ ವಿಷಯವನ್ನು ತಿಳಿಸಿದೆನು. ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, ಕಡೆಗೆ, “ಕತ್ತಿ ಅದ್ದಿ ನೋಡಿದವಳಿಗೆ ಬೈದೆಯಲ್ಲ ಮಗಾ” ಎಂದರು. ಅದರ ಮೇಲೆ ನಾನು ಹೇಳುವಂಥದು ಏನೂ ಇರಲಿಲ್ಲ.

ಆಮೇಲೆ ಈ ವಿಷಯವನ್ನು ಕುರಿತು ಓದತೊಡಗಿದಾಗ, ನನ್ನ ತಪ್ಪು ಒಂದಲ್ಲ, ಎರಡು ಎಂದು ತಿಳಿಯಿತು. ಗದರಿದ್ದು ಮೊದಲನೆಯದು, ಸುಮ್ಮನಾದದ್ದು ಎರಡನೆಯದು. ಎರಡನೆಯದೇ ಹೆಚ್ಚು ದೊಡ್ಡದು. ಒಂದೇ ಹೆಸರಿನ ಇಬ್ಬರನ್ನು ಒಂದೇ ವಾರ್ಡಿನಲ್ಲಿ ಗುರುತಿನ ಚಿಹ್ನೆಯಿಲ್ಲದೆ ಮಲಗಿಸುವ ವಾಡಿಕೆಯು ಆ ದಿನದ ನಂತರವೂ ಹಾಗೆಯೇ ಉಳಿಯಿತು. ಮರುದಿನ ಬೇರೊಬ್ಬ ದಾದಿಯು ಕೇಳದೆ ಹೋದರೆ, ಅಥವಾ ಬೇರೊಬ್ಬ ಮಗನು ಗದರಿದಾಗ ಹೆದರಿದರೆ, ತಡೆಯುವವರು ಯಾರು? ನಮಗೆ ತಪ್ಪಿದ ಅಪಾಯವು ಇನ್ನೊಬ್ಬರ ಪಾಲಿಗೆ ಕಾದಿರಲೆಂದು ಬಿಟ್ಟು ಬಂದಂತಾಯಿತು.

ಚಿಕಿತ್ಸೆಯಿಂದಲೇ ರೋಗಿಗೆ ಹಾನಿಯಾಗುವುದು ಅಪೂರ್ವವೆಂದು ನಾವು ಭಾವಿಸುತ್ತೇವೆ. ಅದು ಹಾಗಲ್ಲ. ಆಸ್ಪತ್ರೆಯ ಆರೈಕೆ ಪಡೆಯುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಆರೈಕೆಯಿಂದಲೇ ಏನಾದರೊಂದು ಹಾನಿ ತಟ್ಟುತ್ತದೆಂದೂ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿಸಬಹುದಾದದ್ದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಇದನ್ನು ಜನರ ಗಮನಕ್ಕೆ ತರಲೆಂದೇ 2019ರಿಂದ ಪ್ರತಿವರ್ಷ ಸೆಪ್ಟೆಂಬರ್ 17ನೆಯ ದಿನವನ್ನು ರೋಗಿಸುರಕ್ಷತೆಯ ದಿನವೆಂದು ಆಚರಿಸಲಾಗುತ್ತಿದೆ. ಈ ಹಾನಿಗಳು ಬಹುಮಟ್ಟಿಗೆ ದುಷ್ಟರಿಂದಲೋ ಮೂರ್ಖರಿಂದಲೋ ಆಗುವುವಲ್ಲ. ದಣಿದ, ಒಳ್ಳೆಯ ಮನಸ್ಸಿನ, ಕಲಿತ ಜನರಿಂದ ಆಗುವುವು. ಆದಕಾರಣ ಒಬ್ಬನನ್ನು ಹಿಡಿದು ದಂಡಿಸಿದ ಮಾತ್ರಕ್ಕೆ ಇವು ನಿಲ್ಲುವುದಿಲ್ಲ.

ಇದಕ್ಕೆ ಪ್ಲೇಗಿನ ಕಾಲದ ಒಂದು ಉದಾಹರಣೆಯುಂಟು. 1898ರಲ್ಲಿ ಬೆಂಗಳೂರು, ಮೈಸೂರುಗಳನ್ನು ನಡುಗಿಸಿದ ಪ್ಲೇಗನ್ನು ನಮ್ಮ ಹಿರಿಯರು ಕತೆಯಾಗಿ ಹೇಳುತ್ತಿದ್ದರು. ಆ ರೋಗಕ್ಕೆ ಮುಂಬಯಿಯಲ್ಲಿ ಲಸಿಕೆಯನ್ನು ಕಂಡುಹಿಡಿದವರು ಹಾಫ್ಕಿನ್ ಎಂಬವರು. 1902ನೆಯ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ನೂರೇಳು ಜನರಿಗೆ ಈ ಲಸಿಕೆ ಹಾಕಿದಾಗ, ಒಂದೇ ಸೀಸೆಯಿಂದ ಹಾಕಿಸಿಕೊಂಡ ಹತ್ತೊಂಬತ್ತು ಮಂದಿ ಧನುರ್ವಾಯುವಿನಿಂದ ಮಡಿದರು. ಅಪವಾದವೆಲ್ಲ ಹಾಫ್ಕಿನ್ನರ ಮೇಲೆ ಬಿದ್ದಿತು. ಅವರನ್ನು ಕೆಲಸದಿಂದ ದೂರವಿಡಲಾಯಿತು. ಆ ಸೀಸೆಯನ್ನು ತೆರೆಯುವಾಗ ಇಕ್ಕುಳವು ನೆಲಕ್ಕೆ ಬಿದ್ದುದೂ, ಅದನ್ನು ಸರಿಯಾಗಿ ಕ್ರಿಮಿಶುದ್ಧಿ ಮಾಡದೆ ಉಪಯೋಗಿಸಿದುದೂ ಗಣನೆಗೆ ಬಂದು ಅವರು ದೋಷಮುಕ್ತರಾದದ್ದು 1907ರಲ್ಲಿ. “ಯಾರು ಮಾಡಿದರು?” ಎಂಬ ಪ್ರಶ್ನೆಯು ಮುಂದೆ ನಿಂತಾಗ “ಹೇಗೆ ಆಯಿತು?” ಎಂಬ ಪ್ರಶ್ನೆಯು ಎಷ್ಟು ವರ್ಷ ಹಿಂದೆ ಉಳಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೀಗೆ ಕೆಲಸಗಾರರೆಲ್ಲರೂ ತಪ್ಪನ್ನು ನಿರ್ಭಯವಾಗಿ ಹೇಳಿ, ಕೇಳಿ, ತಿದ್ದಿಕೊಳ್ಳುವ ರೂಢಿಗೆ ಈಗಿನ ಪಂಡಿತರು ಸುರಕ್ಷತೆಯ ಸಂಸ್ಕೃತಿ ಎಂಬ ಹೆಸರನ್ನು ಕೊಟ್ಟಿರುವರು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರವು ಸಿಡಿದ ಮೇಲೆ ನಡೆದ ವಿಚಾರಣೆಯಿಂದ ಈ ಮಾತು ಬಳಕೆಗೆ ಬಂದು, ಅಲ್ಲಿಂದ ವೈದ್ಯರಂಗಕ್ಕೂ ಇಳಿಯಿತು. ನಮ್ಮ ಮಾತಿನಲ್ಲಿ ಅದನ್ನು ‘ಮನೆಯ ನಡತೆ’ ಎನ್ನಬಹುದು. ಹಾಲು ಉಕ್ಕಿ ಚೆಲ್ಲಿದರೆ ಒಂದು ಮನೆಯಲ್ಲಿ ಸೊಸೆಯು ಓಡಿ ಬಂದು ಹೇಳುತ್ತಾಳೆ. ಇನ್ನೊಂದು ಮನೆಯಲ್ಲಿ ನೀರು ಬೆರೆಸಿ ಮುಚ್ಚಿಡುತ್ತಾಳೆ. ಎರಡು ಮನೆಗಳಲ್ಲಿಯೂ ಪಾತ್ರೆ ಒಂದೇ, ಒಲೆ ಒಂದೇ. ಭೇದವಿರುವುದು ಅತ್ತೆಯ ಮಾತಿನಲ್ಲಿ.

ಕಣ್ಣಿಗೆ ಕಾಣದ ಈ ನಡತೆಯನ್ನು ಅಳೆಯುವುದು ಹೇಗೆಂದು ವಾಚಕರು ಕೇಳಬಹುದು. ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ ಅಳೆಯುವುದು ಒಂದು ಉಪಾಯ. ಇದಕ್ಕಾಗಿ ಅಮೆರಿಕದ ಸರಕಾರಿ ಸಂಸ್ಥೆಯೊಂದು 2004ರಲ್ಲಿ 42 ಪ್ರಶ್ನೆಗಳ ಒಂದು ಪಟ್ಟಿಯನ್ನು ಹೊರಡಿಸಿತು. 2019ರಲ್ಲಿ ಅದನ್ನು ತಿದ್ದಿ 32 ಪ್ರಶ್ನೆಗಳಿಗೆ ಇಳಿಸಿತು. ಇಂದು ಅನೇಕ ದೇಶಗಳು ತಮ್ಮ ತಮ್ಮ ಭಾಷೆಗಳಲ್ಲಿ ಅದನ್ನು ಬಳಸುತ್ತಿವೆ. ವೈದ್ಯರು, ದಾದಿಯರು, ಔಷಧಿ ಕೊಡುವವರು ಮೊದಲಾದವರು ತಮ್ಮ ಹೆಸರು ಬರೆಯದೆ ಉತ್ತರಿಸುತ್ತಾರೆ. ಪ್ರಶ್ನೆಗಳ ತಿರುಳು ಬಹು ಸರಳ. ತಪ್ಪಾದಾಗ ನಿಮ್ಮಲ್ಲಿ ವಿಚಾರಣೆ ನಡೆಯುವುದು ತಪ್ಪನ್ನು ಕುರಿತೋ, ಮನುಷ್ಯನನ್ನು ಕುರಿತೋ? ಮೇಲಿನವರ ನಿರ್ಣಯವು ಸರಿಯಲ್ಲವೆಂದು ತೋರಿದರೆ ಬಾಯಿ ಬಿಡಬಲ್ಲಿರಾ? ಪಾಳಿ ಬದಲಾಗುವಾಗ ರೋಗಿಯ ಮುಖ್ಯ ಸಂಗತಿಗಳು ಬಿಟ್ಟುಹೋಗುತ್ತವೆಯೆ? ಹಾನಿಯಾಗದೆ ತಪ್ಪಿಹೋದ ಅಪಾಯಗಳನ್ನು ಬರೆದಿಡುತ್ತೀರಾ? ಕಳೆದ ಹನ್ನೆರಡು ತಿಂಗಳಲ್ಲಿ ಅಂಥವನ್ನು ಎಷ್ಟು ಬರೆದಿರಿ?

ಲೆಕ್ಕವೂ ಕಷ್ಟವಲ್ಲ. ನಲವತ್ತು ಜನರು ಒಂದು ಪ್ರಶ್ನೆಗೆ ಉತ್ತರಿಸಿ, ಅವರಲ್ಲಿ ಹದಿನೆಂಟು ಮಂದಿಯ ಉತ್ತರವು ಸುರಕ್ಷತೆಗೆ ಅನುಕೂಲವಾಗಿದ್ದರೆ ಅದು ಶೇಕಡಾ 45. ಶೇಕಡಾ 75ಕ್ಕೆ ಮೇಲಾದುದನ್ನು ಆ ಆಸ್ಪತ್ರೆಯ ಬಲವೆಂದೂ, 50ಕ್ಕೆ ಕೆಳಗಾದುದನ್ನು ತಿದ್ದಿಕೊಳ್ಳಬೇಕಾದ ಭಾಗವೆಂದೂ ಎಣಿಸುವುದು ವಾಡಿಕೆ. ತಪ್ಪಿಗೆ ದಂಡಿಸದಿರುವಿಕೆ ಮತ್ತು ಪಾಳಿಯಿಂದ ಪಾಳಿಗೆ ರೋಗಿಯನ್ನು ಒಪ್ಪಿಸುವಿಕೆ, ಈ ಎರಡರಲ್ಲಿಯೇ ಬಹು ದೇಶಗಳ ಆಸ್ಪತ್ರೆಗಳು ಕಡಮೆ ಅಂಕ ಪಡೆಯುತ್ತ ಬಂದಿವೆ. ನಮ್ಮ ಆ ದಾದಿಯನ್ನು ಕೇಳಿದ್ದರೆ ಅವಳೂ ಮೊದಲನೆಯದನ್ನೇ ತೋರಿಸುತ್ತಿದ್ದಳು.

ಈ ಅಳತೆಯನ್ನು ಓದುವಾಗ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದಾಗಿ, ತಪ್ಪಿನ ಪುಸ್ತಕ ಖಾಲಿಯಿದ್ದರೆ ತಪ್ಪೇ ಇಲ್ಲವೆಂದು ತಿಳಿಯಬಾರದು. ಕತ್ತಿ ಅದ್ದದವನಿಗೆ ಪಾಕವೆಲ್ಲವೂ ಸರಿಯಾಗಿಯೇ ಕಾಣುವುದು. ಅಳತೆಯನ್ನು ಆರಂಭಿಸಿದ ಮೊದಲ ವರ್ಷ ಬರೆದಿಟ್ಟ ತಪ್ಪುಗಳ ಸಂಖ್ಯೆಯು ಏರಿದರೆ ಅದು ಬಹುಶಃ ಶುಭಸೂಚನೆ, ಭಯವು ಇಳಿದಿದೆಯೆಂದರ್ಥ. ಎರಡನೆಯದಾಗಿ, ಆಡಳಿತ ನಡೆಸುವವರ ಉತ್ತರವನ್ನೂ ರಾತ್ರಿಪಾಳಿಯ ದಾದಿಯ ಉತ್ತರವನ್ನೂ ಬೇರೆ ಬೇರೆಯಾಗಿ ನೋಡಬೇಕು. ಎರಡನ್ನೂ ಬೆರೆಸಿ ತೆಗೆದ ಸರಾಸರಿಯು ನಿಜವನ್ನು ಮುಚ್ಚಿಬಿಡುವುದು. ಮೂರನೆಯದಾಗಿ, ಹತ್ತು ಹನ್ನೆರಡು ಜನರಿರುವ ಸಣ್ಣ ಆಸ್ಪತ್ರೆಯಲ್ಲಿ ಹೆಸರು ಬರೆಯದಿದ್ದರೂ ಅಕ್ಷರದಿಂದಲೇ ಗುರುತು ಸಿಗುತ್ತದೆ. ಅಂಥಲ್ಲಿ ಹೊರಗಿನವರು ಬಂದು ಉತ್ತರಗಳನ್ನು ಕೂಡಿಸಿ, ಹಲವು ಆಸ್ಪತ್ರೆಗಳ ಫಲವನ್ನು ಒಟ್ಟಿಗೆ ಹೇಳುವುದು ಲೇಸು. ಜ್ವರಮಾಪಕದಿಂದ ಜ್ವರವಿಳಿಯದು, ಅಳೆದ ಮೇಲೆ ಏನನ್ನಾದರೂ ತಿದ್ದಬೇಕು. ತಿದ್ದಿದುದನ್ನು ಉತ್ತರ ಕೊಟ್ಟವರಿಗೆ ತಿಳಿಸಬೇಕು. ಒಂದೆರಡು ವರ್ಷಗಳ ಬಳಿಕ ಮತ್ತೆ ಅಳೆಯಬೇಕು.

ತಿದ್ದುವ ಬಗೆಗಳಲ್ಲಿ ಬಹಳ ಹೆಸರಾದುದು ಪರಿಶೀಲನ ಪಟ್ಟಿ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಗಾಗಿ ಹತ್ತೊಂಬತ್ತು ಅಂಶಗಳ ಒಂದು ಪಟ್ಟಿಯನ್ನು ಪ್ರಕಟಿಸಿತು. ರೋಗಿ ಯಾರು, ಶಸ್ತ್ರಚಿಕಿತ್ಸೆ ಯಾವ ಭಾಗಕ್ಕೆ, ಔಷಧಿಯ ಅಲರ್ಜಿಯುಂಟೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನು ಹೇಳಬೇಕು. ಕಡೆಯಲ್ಲಿ ಸೂಜಿ, ಬಟ್ಟೆಗಳನ್ನು ಎಣಿಸಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಇದನ್ನು ಪರೀಕ್ಷಿಸಿದಾಗ ಮರಣವು ಶೇಕಡಾ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಹೆಸರು ಹೇಳಿಸುವುದರಿಂದ ಏನು ಲಾಭವೆಂದು ಅನಿಸಬಹುದು. ಒಂದು ಸಲ ಬಾಯಿ ತೆರೆದು ತನ್ನ ಹೆಸರನ್ನು ಹೇಳಿದ ಕಿರಿಯನಿಗೆ ಎರಡನೆಯ ಸಲ, “ಸ್ವಾಮಿ, ಸ್ವಲ್ಪ ತಾಳಿ” ಎನ್ನುವ ಧೈರ್ಯ ಬರುತ್ತದೆಂಬುದೇ ಅದರ ಮರ್ಮ.

ನಮ್ಮ ಕರ್ನಾಟಕವು ಇಂಥದೇ ಇನ್ನೊಂದು ಪ್ರಯೋಗಕ್ಕೆ ನೆಲೆಯಾಗಿತ್ತೆಂಬುದನ್ನು ಬಹಳ ಜನರು ಅರಿಯರು. ಹೆರಿಗೆಯ ಸಮಯಕ್ಕಾಗಿ ಸಿದ್ಧಪಡಿಸಿದ ಪಟ್ಟಿಯನ್ನು 2010ರಲ್ಲಿ ನಮ್ಮ ರಾಜ್ಯದ ಒಂದು ಸಣ್ಣ ಹೆರಿಗೆ ಕೇಂದ್ರದಲ್ಲಿ ಪರೀಕ್ಷಿಸಲಾಯಿತು. ಕೈತೊಳೆಯುವುದು, ರಕ್ತದೊತ್ತಡ ನೋಡುವುದು, ಮಗುವಿಗೆ ಬೇಗನೆ ಹಾಲೂಡಿಸುವುದು ಮೊದಲಾಗಿ ಅವಶ್ಯವಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದುವು. ಪಟ್ಟಿ ಬಂದ ಮೇಲೆ 25 ನಡೆದುವು. ಅದೇ ಜನ, ಅದೇ ಕಟ್ಟಡ. ಈ ಫಲದಿಂದ ಉತ್ಸಾಹಗೊಂಡು ಉತ್ತರಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗವನ್ನು ಕೈಕೊಂಡರು. 2017ರಲ್ಲಿ ಅದರ ವರದಿ ಬಂದಿತು. ತರಬೇತಿ ಕೊಡುವವರು ಜೊತೆಯಲ್ಲಿದ್ದಾಗ ಸರಿಯಾದ ಕೆಲಸಗಳು ಶೇಕಡಾ 73ರವರೆಗೆ ನಡೆದುವು. ಪಟ್ಟಿಯಿಲ್ಲದ ಕಡೆ ನಡೆದುದು 42 ಮಾತ್ರ. ತರಬೇತಿಯವರು ಹಿಂದಿರುಗಿದ ಮೇಲೆ 73 ಎಂಬುದು 62ಕ್ಕೆ ಇಳಿಯಿತು. ಆದರೆ ತಾಯಿಮಕ್ಕಳ ಮರಣದಲ್ಲಿ ಗಮನಾರ್ಹವಾದ ಭೇದ ಕಾಣಲಿಲ್ಲ. ಈ ನಿರಾಶೆಯನ್ನು ಮುಚ್ಚದೆ ಪ್ರಕಟಿಸಿದ್ದೂ ಸುರಕ್ಷತೆಯ ನಡತೆಯೇ ಸರಿ. ಕಾಗದದ ಪಟ್ಟಿಯು ಬೇಕು. ಅದರ ಹಿಂದೆ ಕಲಿತ ಕೈ, ಸಾಕಷ್ಟು ಜನ, ಸಮಯಕ್ಕೆ ದೊರೆಯುವ ರಕ್ತ, ಔಷಧಿ, ವಾಹನಗಳೂ ಬೇಕು. ಇವಿಲ್ಲದೆ ಗುರುತು ಹಾಕುವುದರಿಂದಲೇ ಜೀವ ಉಳಿಯದು.

ಇನ್ನು ನಮ್ಮ ಮನಸ್ಸನ್ನೆಲ್ಲ ಕಲಕಿದ ಬಳ್ಳಾರಿಯ ಸಂಗತಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 2024ನೆಯ ನವೆಂಬರಿನಲ್ಲಿ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐದು ಮಂದಿ ಕೆಲವೇ ವಾರಗಳೊಳಗೆ ತೀರಿಕೊಂಡರು. ನರಗಳಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ ಸಂಶಯ ಬಂದಿತು. ಅದೇ ತಯಾರಕರ ದ್ರವವು ಅದೇ ವರ್ಷ ಮೊದಲೊಮ್ಮೆ ಸಂಶಯಕ್ಕೆ ಒಳಗಾಗಿ ತಡೆಯಲ್ಪಟ್ಟು, ಬಳಿಕ ಮತ್ತೆ ಬಳಕೆಗೆ ಬಿಡಲ್ಪಟ್ಟಿತ್ತು. ಸರಕಾರವು ಔಷಧ ನಿಯಂತ್ರಕರನ್ನು ಅಮಾನತು ಮಾಡಿತು; ರಾಜ್ಯದ ತಾಯಿಮರಣಗಳೆಲ್ಲದರ ತಪಾಸಣೆಗೆ ಆಜ್ಞೆ ಮಾಡಿತು. 2024ರ ಏಪ್ರಿಲಿನಿಂದ ಡಿಸೆಂಬರಿನವರೆಗಿನ 464 ಮರಣಗಳನ್ನು ಪರಿಶೀಲಿಸಿದ ಆ ವರದಿಯು, ಅವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದುವೆಂದು ಹೇಳಿತು. ಈ ಸಂಖ್ಯೆಯನ್ನು ಓದಿ ಕಣ್ಣು ಒದ್ದೆಯಾಗದ ಗೃಹಸ್ಥನಿಲ್ಲ. ಆದರೂ ತಪ್ಪಿಸಬಹುದಾಗಿತ್ತೆಂಬುದನ್ನು ಸರಕಾರವೇ ಎಣಿಸಿ ಬಹಿರಂಗವಾಗಿ ಹೇಳಿದ್ದು ಒಂದು ಒಳ್ಳೆಯ ಹೆಜ್ಜೆ. ಎಣಿಸದ ಸಾವಿನಿಂದ ಯಾರೂ ಏನನ್ನೂ ಕಲಿಯಲಾರರು.

ಹಾಗಾದರೆ ತಪ್ಪು ಮಾಡಿದವರಿಗೆ ಶಿಕ್ಷೆಯೇ ಬೇಡವೆ? ಅದೂ ಸರಿಯಲ್ಲ. ಕೈತಪ್ಪಿ ಆದ ತಪ್ಪು ಬೇರೆ. ದಾರಿ ಹತ್ತಿರವೆಂದು ನಿಯಮವನ್ನು ಬಿಟ್ಟದ್ದು ಬೇರೆ. ಕುಡಿದು ಬಂದು ಕೆಲಸ ಮಾಡಿದ್ದು, ಲಂಚಕ್ಕಾಗಿ ಕೆಟ್ಟ ಔಷಧಿಯನ್ನು ಒಪ್ಪಿಕೊಂಡದ್ದು ಬೇರೆ. ಮೊದಲನೆಯವನಿಗೆ ಸಮಾಧಾನ ಹೇಳಿ ಕೆಲಸದ ಕ್ರಮವನ್ನು ತಿದ್ದಬೇಕು. ಎರಡನೆಯವನಿಗೆ ಬುದ್ಧಿ ಹೇಳಬೇಕು. ಮೂರನೆಯವನಿಗೆ ದಂಡ ವಿಧಿಸಲೇಬೇಕು. ಮೂವರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಮೊದಲನೆಯವನು ಬಾಯಿ ಮುಚ್ಚುವನು. ಮೂರನೆಯವನು ಆ ಮೌನದ ಮರೆಯಲ್ಲಿ ತಪ್ಪಿಸಿಕೊಳ್ಳುವನು.

ಇದೆಲ್ಲವೂ ಆಸ್ಪತ್ರೆಯವರ ಕೆಲಸ, ನಮಗೇನು ಎನ್ನುವಂತಿಲ್ಲ. ಅದರಲ್ಲಿಯೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯವರಿಗೆ ಇದು ಬಹಳ ಹತ್ತಿರದ ವಿಷಯ. ನಮ್ಮಲ್ಲಿ ರೋಗಿಯು ಒಂದೇ ಕಡೆ ಗುಣವಾಗುವುದು ಕಡಮೆ. ಹಳ್ಳಿಯ ವೈದ್ಯರಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ, ಕಡೆಗೆ ಘಟ್ಟವಿಳಿದು ಮಣಿಪಾಲಕ್ಕೆ ಹೀಗೆ ಕೈಯಿಂದ ಕೈಗೆ ಹೋಗುತ್ತಾನೆ. ಒಂದೊಂದು ಕೈ ಬದಲಾದಾಗಲೂ ಒಂದೊಂದು ಸಂಗತಿ ಉದುರುವ ಸಂಭವವುಂಟು. ಈ ಪ್ರಯಾಣದಲ್ಲಿ ಮೊದಲಿನಿಂದ ಕೊನೆಯವರೆಗೆ ರೋಗಿಯ ಜೊತೆಯಲ್ಲಿರುವವರು ವೈದ್ಯರಲ್ಲ, ದಾದಿಯರಲ್ಲ, ಮನೆಯವರು.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಒಂದು ಸಣ್ಣ ಪುಸ್ತಕವನ್ನಿಡಿ. ಮನೆಮಂದಿಯಲ್ಲಿ ಯಾರು ಯಾವ ಔಷಧಿಯನ್ನು ಎಷ್ಟು ಸೇವಿಸುತ್ತಾರೆ, ಯಾರಿಗೆ ಯಾವುದು ಒಗ್ಗುವುದಿಲ್ಲ, ಹಿಂದೆ ಯಾವ ಶಸ್ತ್ರಚಿಕಿತ್ಸೆಯಾಗಿದೆ ಎಂಬುದನ್ನು ಅದರಲ್ಲಿ ಬರೆಯಿರಿ. ಆಸ್ಪತ್ರೆಗೆ ಹೊರಡುವಾಗ ಆ ಪುಸ್ತಕವನ್ನೂ ಮಾತ್ರೆಗಳ ಹಾಳೆಗಳನ್ನೂ ಒಯ್ಯಿರಿ. ನಾಟಿ ಔಷಧಿಯನ್ನು ಕೊಟ್ಟಿದ್ದರೆ ನಾಚದೆ ಹೇಳಿರಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸಿದಾಗ ಏನು ಕೊಟ್ಟರು, ಎಷ್ಟು ಗಂಟೆಗೆ ಕೊಟ್ಟರು ಎಂಬ ಬರಹವನ್ನು ಕೇಳಿ ಪಡೆಯಿರಿ.

ಮಂಗನ ಕಾಯಿಲೆಯ ಸೀಮೆಯವರಾದ ನಾವು ಇನ್ನೊಂದು ಮಾತನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು ನಮ್ಮ ಮೂರು ತಾಲ್ಲೂಕುಗಳಿಗೂ ಅಪರಿಚಿತವಲ್ಲ. ಚಳಿಗಾಲದಿಂದ ಮಳೆಗಾಲದ ಮೊದಲವರೆಗೆ ಜ್ವರ ಬಂದಾಗ, ಕಾಡಿಗೆ ದರಗು ತರಲು ಹೋದದ್ದು, ಉಣುಗು ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತದ್ದು ಇವನ್ನು ವೈದ್ಯರು ಕೇಳುವ ಮೊದಲೇ ಹೇಳಿರಿ. ರಕ್ತಸ್ರಾವದ ಭಯವುಳ್ಳ ಈ ರೋಗದಲ್ಲಿ ಆಸ್ಪಿರಿನ್ ಜಾತಿಯ ನೋವಿನ ಮಾತ್ರೆಗಳು ಅಪಾಯಕರ. ಅಂಗಡಿಯಿಂದ ತಾವಾಗಿಯೇ ತಂದು ನುಂಗಿಸಬೇಡಿ. ದೂರದ ಊರಿನಿಂದ ಹೊಸದಾಗಿ ಬಂದ ವೈದ್ಯರಿಗೆ ನಿಮ್ಮ ಈ ಒಂದು ಮಾತು ಒಂದು ದಿನವನ್ನು ಉಳಿಸಬಹುದು.

ಹಾಸಿಗೆಯ ಬಳಿ ಹೆಸರು ಕೇಳಿದರೆ ಹತ್ತು ಸಲವಾದರೂ ಸಂತೋಷದಿಂದ ಹೇಳಿರಿ. ಕೇಳದಿದ್ದರೆ ನೀವೇ ಹೇಳಿರಿ. “ಇದು ಯಾವ ಔಷಧಿ, ಯಾತಕ್ಕೆ?” ಎಂದು ವಿನಯದಿಂದ ಕೇಳುವುದು ಅಗೌರವವಲ್ಲ. ಔಷಧಿಯಿಂದ ಬೇರೆ ತೊಂದರೆಯಾಯಿತೆಂದು ತೋರಿದರೆ ವೈದ್ಯರಿಗೆ ಹೇಳುವುದಲ್ಲದೆ, 2010ರಿಂದ ನಮ್ಮ ದೇಶದಲ್ಲಿ ನಡೆಯುತ್ತಿರುವ ಔಷಧ ಜಾಗರೂಕತೆಯ ಕಾರ್ಯಕ್ರಮಕ್ಕೂ 1800-180-3024 ಎಂಬ ಉಚಿತ ದೂರವಾಣಿಯ ಮೂಲಕ ಗೃಹಸ್ಥರೇ ತಿಳಿಸಬಹುದು. ಹಾನಿಯಾದಾಗ ಕೋಪ ಬರುವುದು ಸ್ವಾಭಾವಿಕ. ಆದರೆ ಕೈಯೆತ್ತುವುದಕ್ಕೆ ಮೊದಲು “ಹೇಗಾಯಿತು, ಇನ್ನು ಮುಂದೆ ಆಗದಂತೆ ಏನು ಮಾಡುವಿರಿ?” ಎಂದು ಬರಹದಲ್ಲಿ ಕೇಳಿರಿ. ಈ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಬಲು ಕಷ್ಟ.

ಕಡೆಯದಾಗಿ, ತಪ್ಪನ್ನು ಹಿಡಿದು ನಿಲ್ಲಿಸಿದವರನ್ನು ಹೊಗಳಿರಿ. ನಾನು ಅದನ್ನು ಮಾಡಲಿಲ್ಲ. ಎರಡು ವರ್ಷ ತಡವಾಗಿ, ಈ ಲೇಖನಕ್ಕೆ ಕುಳಿತಾಗ, ಆ ಆಸ್ಪತ್ರೆಯ ಮುಖ್ಯಾಧಿಕಾರಿಗಳಿಗೆ ಒಂದು ಕಾಗದವನ್ನು ಬರೆದಿದ್ದೇನೆ. ಅದರಲ್ಲಿ ದಾದಿಯ ಹೆಸರಿಲ್ಲ, ದಿನವೂ ಇಲ್ಲ. ಒಂದೇ ಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿದ್ದಾಗ ಏನು ನಡೆಯಬಹುದೆಂಬುದನ್ನೂ, ಹೆಸರು ಕೇಳುವ ಕ್ರಮವು ಒಂದು ಜೀವವನ್ನು ಉಳಿಸಿತೆಂಬುದನ್ನೂ, ಅಂಥ ಸಂಗತಿಗಳನ್ನು ಬರೆದವರಿಗೆ ಮೆಮೊ ಬರುವುದಿಲ್ಲವೆಂಬ ಭರವಸೆ ಬೇಕೆಂಬುದನ್ನೂ ಅರಿಕೆ ಮಾಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ವಾಚಕರಿಗೆ ತಿಳಿಸುವೆನು. ಬಾರದಿದ್ದರೆ ಮತ್ತೊಂದು ಬರೆಯುವೆನು.

ಕಾಗದವನ್ನು ತಾಯಿಯವರಿಗೆ ಓದಿ ಹೇಳಿದಾಗ ಅವರು ಕೇಳಿ ತಲೆದೂಗಿ, “ಆ ಹುಡುಗಿಯ ಕ್ಷಮೆ ಕೇಳಿದೆಯಾ?” ಎಂದರು. ಆ ಮಾತು ಅದರಲ್ಲಿ ಬಿಟ್ಟುಹೋಗಿತ್ತು. ಕೆಳಗೆ ಒಂದು ಸಾಲು ಸೇರಿಸಿ ಅಂಚೆಗೆ ಹಾಕಿದೆನು.